ನಾಮಾಂತರ ಹೊಂದಿದವರ ಅನ್ವೇಷಣೆ

ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆಯಾಗಿ ವಿಂಗಡಿಸುವ ಕ್ರಮವು ಕನ್ನಡ ವ್ಯಾಕರಣದಲ್ಲಿ ಬಹುಕಾಲದಿಂದ ನಡೆದುಬಂದಿದೆ. ೧೩ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಓದದವರೂ ಪ್ರೌಢಶಾಲೆಯ ಪಾಠಗಳಲ್ಲಿ ಈ ವಿಭಾಗವನ್ನು ಕಲಿತೇ ಇರುತ್ತಾರೆ. ನದಿ, ಬೆಟ್ಟ, ಮನುಷ್ಯ ಎಂಬುವು ರೂಢಿಯಿಂದ ಬಂದವು. ವ್ಯವಹಾರಕ್ಕಾಗಿ ನಾವು ಇಟ್ಟುಕೊಂಡ ಹೆಸರುಗಳು ಅಂಕಿತಗಳು. ವೃತ್ತಿ, ಗುಣ, ಸ್ವಭಾವಗಳಿಗೆ ಅನುಸಾರವಾಗಿ ಬಂದ ವ್ಯಾಪಾರಿ, ಪಂಡಿತ, ಯೋಗಿ ಮೊದಲಾದುವು ಅನ್ವರ್ಥಗಳು. ಈ ಮೂರರಲ್ಲಿ ಯಾವುದೂ ವ್ಯಕ್ತಿಯಲ್ಲ, ವ್ಯಕ್ತಿಯನ್ನು ಗುರುತಿಸುವ ಚಿಹ್ನೆ ಮಾತ್ರ ಎಂಬ ತತ್ತ್ವವನ್ನು ನಾವು ತರಗತಿಯಲ್ಲಿ ಸುಲಭವಾಗಿ ಒಪ್ಪಿಕೊಳ್ಳುತ್ತೇವೆ. ಲೋಕವ್ಯವಹಾರದಲ್ಲಿ ಮಾತ್ರ ಅದನ್ನು ಅಷ್ಟೇ ಸುಲಭವಾಗಿ ಮರೆಯುತ್ತೇವೆ. ಸಾಮಾಜಿಕ ಜಾಲತಾಣಗಳಲ್ಲಿ ಹೆಸರು ಬದಲಾಯಿಸಿಕೊಂಡವರನ್ನು ಹುಡುಕುವ ಇಂದಿನ ಪ್ರಶ್ನೆಯು ಮೂಲತಃ ಈ ಮರೆವಿನಿಂದಲೇ ಹುಟ್ಟಿದೆ.

ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಸಿದ್ಧಪಡಿಸುವ ಯಾವ ಶಾಲೆಗೂ ಈ ಪ್ರಶ್ನೆ ಅಪರಿಚಿತವಲ್ಲ. ಹಿಂದೆ ಅಂಚೆಯ ಕಾರ್ಡು ‘ವಿಳಾಸದಾರರು ಊರು ಬಿಟ್ಟಿದ್ದಾರೆ’ ಎಂಬ ಷರಾದೊಡನೆ ಹಿಂದಿರುಗುತ್ತಿತ್ತು. ನಿರಾಶೆಯಾದರೂ ಸಂದೇಹಕ್ಕೆ ಅಲ್ಲಿ ಎಡೆಯಿರಲಿಲ್ಲ. ಇಂದು ಕಳೆದ ವರ್ಷ ಸಂದೇಶ ಕಳುಹಿಸಿದ ಹೆಸರನ್ನು ಈ ವರ್ಷ ಹುಡುಕಿದರೆ ಅದು ಇಲ್ಲವೇ ಇಲ್ಲ, ಅಥವಾ ಇನ್ನಾರದೋ ಮುಖವನ್ನು ಹೊತ್ತು ನಿಂತಿರುತ್ತದೆ. ಕಾಣೆಯಾದವರು ಮುನಿದರೋ, ಊರು ಬಿಟ್ಟರೋ, ಅಥವಾ ಹೆಸರನ್ನಷ್ಟೇ ಬದಲಿಸಿಕೊಂಡು ಸುಖವಾಗಿರುವರೋ ತಿಳಿಯುವುದಿಲ್ಲ. ಅವರನ್ನು ಹುಡುಕಲು ಸಾಧ್ಯವೇ, ಸಾಧ್ಯವಾದರೆ ಯಾವ ಕ್ರಮದಲ್ಲಿ ಹುಡುಕಬೇಕು, ಎಲ್ಲಿಗೆ ಹುಡುಕಾಟವನ್ನು ನಿಲ್ಲಿಸಬೇಕು ಎಂಬ ಮೂರು ಅಂಶಗಳನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇನೆ. ಮೊದಲೆರಡಕ್ಕೆ ಯಂತ್ರಜ್ಞರು ಉತ್ತರ ಹೇಳಬಲ್ಲರು. ಮೂರನೆಯದಕ್ಕೆ ಉತ್ತರವನ್ನು ನಾವೇ ಕಂಡುಕೊಳ್ಳಬೇಕಾಗಿದೆ.

ಜಾಲತಾಣದ ಒಂದು ಖಾತೆಯಲ್ಲಿಯೂ ಮೂರು ಸ್ತರದ ಗುರುತುಗಳಿವೆ. ಮೇಲ್ಗಡೆ ದಪ್ಪಕ್ಷರದಲ್ಲಿ ಕಾಣುವ ಹೆಸರು ಮೊದಲನೆಯದು. ಇದನ್ನು ತೋರುಹೆಸರು ಎನ್ನೋಣ. ಇದನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಬರೆದುಕೊಳ್ಳಬಹುದು. ಒಂದೇ ತೋರುಹೆಸರಿನ ಸಾವಿರ ಖಾತೆಗಳಿರಬಹುದು. ೨೦೧೯ರ ಮಾರ್ಚ್ ತಿಂಗಳಲ್ಲಿ ಪ್ರಧಾನಮಂತ್ರಿಗಳು ಟ್ವಿಟರಿನಲ್ಲಿ ತಮ್ಮ ಹೆಸರಿನ ಹಿಂದೆ ‘ಚೌಕೀದಾರ್’ ಎಂಬ ಪದವನ್ನು ಸೇರಿಸಿಕೊಂಡುದೂ, ಮೇ ತಿಂಗಳಲ್ಲಿ ಅದನ್ನು ತೆಗೆದುದೂ ವಾಚಕರಿಗೆ ನೆನಪಿರಬಹುದು. ವ್ಯಾಕರಣದ ದೃಷ್ಟಿಯಿಂದ ಅದು ಅಂಕಿತದ ಮೇಲೆ ಕೂಡಿಸಿದ ಅನ್ವರ್ಥ. ಅದರಿಂದ ಖಾತೆಯನ್ನು ಹುಡುಕುವ ವಿಳಾಸ ಕಿಂಚಿತ್ತೂ ಬದಲಾಗಲಿಲ್ಲ. ಎರಡನೆಯ ಸ್ತರದಲ್ಲಿರುವುದು ಯೂಸರ್‌ನೇಮ್, ಅಂದರೆ ಬಳಕೆದಾರನ ಹೆಸರು. ಇದು ಒಂದು ತಾಣದಲ್ಲಿ ಒಂದು ಕಾಲಕ್ಕೆ ಒಬ್ಬರಿಗೆ ಮಾತ್ರ ಸಲ್ಲುತ್ತದೆ. ಟ್ವಿಟರಿನಲ್ಲಿ ಇದಕ್ಕೆ ೧೫ ಅಕ್ಷರಗಳ ಮಿತಿ, ಇನ್‌ಸ್ಟಾಗ್ರಾಂನಲ್ಲಿ ೩೦ರ ಮಿತಿ. ಮೂರನೆಯ ಸ್ತರವು ಸಾಮಾನ್ಯರ ಕಣ್ಣಿಗೆ ಬೀಳುವುದಿಲ್ಲ. ಖಾತೆ ತೆರೆದ ದಿನ ಆ ತಾಣದ ಯಂತ್ರವು ತನ್ನ ಲೆಕ್ಕಕ್ಕೆಂದು ಬರೆದುಕೊಳ್ಳುವ ಒಂದು ದೀರ್ಘ ಸಂಖ್ಯೆ ಅದು. ತೋರುಹೆಸರು ದಿನಕ್ಕೊಂದಾಗಲಿ, ಬಳಕೆಯ ಹೆಸರು ವರ್ಷಕ್ಕೊಂದಾಗಲಿ, ಖಾತೆ ಇರುವವರೆಗೆ ಈ ಸಂಖ್ಯೆ ಅಚಲ. ಸ್ನೇಹಿತರು, ಬರಹಗಳು, ಭಾವಚಿತ್ರಗಳು ಎಲ್ಲವೂ ಕಟ್ಟಿಕೊಂಡಿರುವುದು ಈ ಸಂಖ್ಯೆಗೆ, ಮೇಲಿನ ಹೆಸರುಗಳಿಗಲ್ಲ.

ಇದಕ್ಕೆ ನಮ್ಮ ದೇಶದಲ್ಲಿಯೇ ನಡೆದ ಒಂದು ಸುಂದರ ನಿದರ್ಶನವಿದೆ. ೨೦೧೪ರ ಮೇ ತಿಂಗಳಲ್ಲಿ ಕೇಂದ್ರದಲ್ಲಿ ಸರ್ಕಾರ ಬದಲಾದಾಗ, ನಿರ್ಗಮಿಸುತ್ತಿದ್ದ ಪ್ರಧಾನಮಂತ್ರಿ ಕಾರ್ಯಾಲಯದವರು ಟ್ವಿಟರಿನಲ್ಲಿದ್ದ ಕಾರ್ಯಾಲಯದ ಖಾತೆಯ ಹೆಸರಿಗೆ ‘ಆರ್ಕೈವ್’ ಎಂಬ ಪದವನ್ನು ಸೇರಿಸಿದರು. ಆ ಖಾತೆಯನ್ನು ಅನುಸರಿಸುತ್ತಿದ್ದ ಲಕ್ಷಗಟ್ಟಲೆ ಜನರು ತಮಗರಿವಿಲ್ಲದೆಯೇ ಹೊಸ ಹೆಸರಿನೊಡನೆ ಸಾಗಿದರು. ಹಳೆಯ ಹೆಸರು ಹಿಂಬಾಲಕರಿಲ್ಲದೆ ಬರಿದಾಗಿ ಉಳಿಯಿತು. ಹೆಸರು ಯಾರದು, ಅನುಯಾಯಿಗಳು ಯಾರವರು ಎಂಬ ವಿವಾದ ಪತ್ರಿಕೆಗಳಲ್ಲಿ ಎದ್ದಿತು. ಅಮೆರಿಕದಲ್ಲಿ ೨೦೧೭ರ ಜನವರಿಯಲ್ಲಿ ಅಧ್ಯಕ್ಷರು ಬದಲಾದಾಗ ಮುಂಚಿತವಾಗಿಯೇ ಏರ್ಪಾಡು ಮಾಡಿ, ಹಳೆಯ ಅಧ್ಯಕ್ಷರ ಬರಹಗಳನ್ನು ಅವರ ಕ್ರಮಸಂಖ್ಯೆಯಾದ ೪೪ನ್ನು ಸೇರಿಸಿದ ಬೇರೆ ಹೆಸರಿನಲ್ಲಿ ಕಾದಿರಿಸಿ, ಪದವಿಯ ಹೆಸರನ್ನು ಹೊಸಬರಿಗೆ ಒಪ್ಪಿಸಲಾಯಿತು. ಹೆಸರು ಪೀಠದಂತೆ, ಖಾತೆ ಪೀಠದಲ್ಲಿ ಕುಳಿತವರಂತೆ. ಇವೆರಡೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಬೇಕಿಲ್ಲ.

ಬಳಕೆಯ ಹೆಸರು ನಮ್ಮ ಸ್ವತ್ತು ಎಂಬ ಭಾವನೆಯೂ ಭ್ರಾಂತಿಯೇ. ೨೦೨೩ರ ಜುಲೈ ತಿಂಗಳಲ್ಲಿ ಟ್ವಿಟರ್ ಸಂಸ್ಥೆಯೇ ‘ಎಕ್ಸ್’ ಎಂದು ನಾಮಾಂತರ ಹೊಂದಿತಷ್ಟೆ. ಆಗ ಆ ಒಂದೇ ಅಕ್ಷರವನ್ನು ೨೦೦೭ರಿಂದಲೂ ತನ್ನ ಖಾತೆಯ ಹೆಸರಾಗಿ ಉಪಯೋಗಿಸುತ್ತಿದ್ದ ಅಮೆರಿಕದ ಒಬ್ಬ ಗೃಹಸ್ಥನಿಂದ ಸಂಸ್ಥೆಯು ಅದನ್ನು ತೆಗೆದುಕೊಂಡು, ಅವನ ಖಾತೆಗೆ ಬೇರೊಂದು ಹೆಸರನ್ನು ಕೊಟ್ಟಿತು. ಹದಿನಾರು ವರ್ಷಗಳ ಹೆಸರು ಒಂದು ದಿನದಲ್ಲಿ ಹೋಯಿತು. ಖಾತೆ, ಬರಹ, ಬಳಗಗಳು ಮಾತ್ರ ಉಳಿದುವು.

ಶಿಕ್ಷಕರಿಗೆ ಈ ವ್ಯವಸ್ಥೆ ಹೊಸದೆನಿಸಬೇಕಾಗಿಲ್ಲ. ೨೦೧೪ರ ನವೆಂಬರ್ ೧ರಂದು ನಮ್ಮ ರಾಜ್ಯದ ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಬೆಳಗಾಂ ಬೆಳಗಾವಿಯಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಆದರೆ ೧೯೭೨ರಲ್ಲಿ ಅಂಚೆ ಇಲಾಖೆ ಜಾರಿಗೆ ತಂದ ಪಿನ್ ಕೋಡು ಬದಲಾಗಲಿಲ್ಲ. ೫೯೦೦೦೧ ಎಂದು ಬರೆದ ಲಕೋಟೆ, ಮೇಲೆ ಬೆಳಗಾಂ ಎಂದಿದ್ದರೂ ಬೆಳಗಾವಿ ಎಂದಿದ್ದರೂ ಅದೇ ಅಂಚೆ ಕಚೇರಿಗೆ ಮುಟ್ಟುತ್ತದೆ. ಇನ್ನೂ ಸಮೀಪದ ಉದಾಹರಣೆ ಬೇಕಾದರೆ ನಮ್ಮ ಶಾಲೆಗಳ ದಾಖಲಾತಿ ಪುಸ್ತಕವನ್ನು ತೆರೆದು ನೋಡಬಹುದು. ಮಗುವನ್ನು ಶಾಲೆಗೆ ಸೇರಿಸಿದ ದಿನ ಕೊಟ್ಟ ದಾಖಲಾತಿ ಸಂಖ್ಯೆ ಆ ಮಗುವಿಗೇ ಮೀಸಲು. ಮುಂದೆ ಹೆಸರಿನ ತಿದ್ದುಪಡಿಯಾಗಬಹುದು, ಅಡ್ಡಹೆಸರು ಸೇರಬಹುದು, ಮದುವೆಯಾದ ಮೇಲೆ ಮನೆತನದ ಹೆಸರು ಬದಲಾಗಬಹುದು. ಕೆಲವು ಮನೆತನಗಳಲ್ಲಿ ಸೊಸೆಗೆ ಹೆಸರನ್ನೇ ಹೊಸದಾಗಿ ಇಡುವ ರೂಢಿಯೂ ಉಂಟು. ಸಂಖ್ಯೆ ಮಾತ್ರ ಆ ಸಾಲಿನಲ್ಲಿ ಹಾಗೆಯೇ ಇರುತ್ತದೆ. ಜಾಲತಾಣದ ಯಂತ್ರವು ಮಾಡುವುದೂ ಇದನ್ನೇ.

ಇನ್ನು ಹುಡುಕುವ ಕ್ರಮ. ಖಾತೆ ಕಾಣದಿದ್ದ ಮಾತ್ರಕ್ಕೆ ಹೆಸರು ಬದಲಾಗಿದೆಯೆಂದು ನಿಶ್ಚಯಿಸಬಾರದು. ಕಾಣದಿರುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳುಂಟು. ಖಾತೆಯ ಹೆಸರು ಬದಲಾಗಿರಬಹುದು, ಖಾತೆಯನ್ನೇ ಮುಚ್ಚಿರಬಹುದು, ಅಥವಾ ಅವರು ನಮ್ಮನ್ನು ಮಾತ್ರ ತಡೆದಿರಬಹುದು, ಅಂದರೆ ‘ಬ್ಲಾಕ್’ ಮಾಡಿರಬಹುದು. ಹಳೆಯ ಸಂದೇಶಗಳ ಸರಣಿಯನ್ನು ತೆರೆದು ನೋಡುವುದು ಮೊದಲ ಉಪಾಯ. ನಾಮಾಂತರವಷ್ಟೇ ಆಗಿದ್ದರೆ ಅದೇ ಸಂಭಾಷಣೆಯ ನೆತ್ತಿಯ ಮೇಲೆ ಹೊಸ ಹೆಸರು ತಾನಾಗಿಯೇ ಮೂಡಿರುತ್ತದೆ, ಏಕೆಂದರೆ ಸಂಭಾಷಣೆ ಕಟ್ಟಿಕೊಂಡಿರುವುದು ಸಂಖ್ಯೆಗೆ. ನಾವು ಅನುಸರಿಸುತ್ತಿದ್ದ ಖಾತೆಯಾದರೆ ನಮ್ಮ ಪಟ್ಟಿಯಲ್ಲಿ ಹೊಸ ಹೆಸರಿನಿಂದ ಇದ್ದೇ ಇರುತ್ತದೆ. ಹಳೆಯ ಹೆಸರನ್ನು ಹುಡುಕುವುದಕ್ಕಿಂತ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ಫಲಕಾರಿ. ಫೇಸ್‌ಬುಕ್ಕಿನಲ್ಲಿ ಸಮಾರಂಭದ ಭಾವಚಿತ್ರಕ್ಕೆ ಹಿಂದೆ ಅವರ ಹೆಸರನ್ನು ಜೋಡಿಸಿದ್ದರೆ, ಇಂದು ಅಲ್ಲಿ ಇಂದಿನ ಹೆಸರೇ ತೋರುತ್ತದೆ. ಎಕ್ಸ್ ತಾಣದಲ್ಲಿ ಅವರ ಯಾವುದಾದರೊಂದು ಹಳೆಯ ಬರಹದ ಕೊಂಡಿಯನ್ನು ಬರೆದಿಟ್ಟುಕೊಂಡಿದ್ದರೆ ಅದನ್ನು ತೆರೆಯಬೇಕು. ಕೊಂಡಿಯೊಳಗಿನ ಹೆಸರು ಹಳೆಯದಾದರೂ ಅದರ ಕೊನೆಯಲ್ಲಿರುವ ಸಂಖ್ಯೆ ಬರಹವನ್ನು ಕಂಡುಹಿಡಿದು ಹೊಸ ಹೆಸರಿನೊಡನೆ ನಮ್ಮ ಮುಂದಿಡುತ್ತದೆ. ಸಂಸ್ಥೆಗಳ ಪುಟವಾದರೆ ಫೇಸ್‌ಬುಕ್ಕಿನ ‘ಪುಟದ ಪಾರದರ್ಶಕತೆ’ ಎಂಬ ಭಾಗದಲ್ಲಿ ಆ ಪುಟಕ್ಕೆ ಹಿಂದೆ ಇದ್ದ ಹೆಸರುಗಳ ಚರಿತ್ರೆ ದೊರೆಯುತ್ತದೆ. ಇಂಟರ್‌ನೆಟ್ ಆರ್ಕೈವ್ ಎಂಬ ಸಂಸ್ಥೆ ೧೯೯೬ರಿಂದ ಜಾಲಪುಟಗಳ ಪ್ರತಿಗಳನ್ನು ಸಂಗ್ರಹಿಸುತ್ತ ಬಂದಿದ್ದು, ೨೦೦೧ರಿಂದ ಅವುಗಳನ್ನು ಸಾರ್ವಜನಿಕರಿಗೂ ತೆರೆದಿಟ್ಟಿದೆ. ಹಳೆಯ ಪುಟದ ಪ್ರತಿ ಅಲ್ಲಿ ಸಿಕ್ಕರೂ ಸಿಗಬಹುದು. ಇವೆಲ್ಲವೂ ವಿಫಲವಾದಾಗ ಉಳಿಯುವುದು ಎಲ್ಲಕ್ಕಿಂತ ಹಳೆಯದೂ ಎಲ್ಲಕ್ಕಿಂತ ಬಲವಾದುದೂ ಆದ ಉಪಾಯ. ಇಬ್ಬರಿಗೂ ಬೇಕಾದ ಮೂರನೆಯವರನ್ನು ಕೇಳುವುದೇ ಅದು.

ಕನ್ನಡಿಗರ ಹುಡುಕಾಟಕ್ಕೆ ಒಂದು ವಿಶೇಷ ತೊಡಕು ಇದೆ. ಅದನ್ನು ಹೇಳದೆ ಮುಂದೆ ಹೋಗುವುದು ಭಾಷಾಪಂಡಿತನಿಗೆ ತರವಲ್ಲ. ತೋರುಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯಬಹುದಾದರೂ, ಎಕ್ಸ್‌ನಂತಹ ತಾಣಗಳಲ್ಲಿ ಬಳಕೆಯ ಹೆಸರು ರೋಮನ್ ಅಕ್ಷರ, ಅಂಕಿ, ಅಡಿಗೆರೆಗಳಿಂದ ಮಾತ್ರ ಆಗಬೇಕು. ನಮ್ಮ ವರ್ಣಮಾಲೆಯ ಸಂಪತ್ತು ಅಲ್ಲಿ ಹಿಡಿಸದು. ‘ಲಕ್ಷ್ಮಿ’ ಎಂಬ ಹೆಸರಿನ ಕ್ಷಕಾರವನ್ನು ಒಬ್ಬರು ಕೆ, ಎಸ್, ಎಚ್ ಎಂಬ ಮೂರು ಅಕ್ಷರಗಳಿಂದ ಬರೆದರೆ ಇನ್ನೊಬ್ಬರು ಎಕ್ಸ್ ಎಂಬ ಒಂದೇ ಅಕ್ಷರದಿಂದ ಮುಗಿಸುತ್ತಾರೆ. ಬಸವರಾಜನು ಕೊನೆಯ ಅಕಾರವನ್ನು ಒಮ್ಮೆ ಉಳಿಸಿಕೊಳ್ಳುತ್ತಾನೆ, ಒಮ್ಮೆ ಕಳೆದುಕೊಳ್ಳುತ್ತಾನೆ. ನಡುವಣ ಅಕಾರವೂ ಸ್ಥಿರವಲ್ಲ. ‘ಮಾಲಾ’ ಮತ್ತು ‘ಮಾಳ’ ಅಲ್ಲಿ ಒಂದೇ ಆಗಿಬಿಡುತ್ತವೆ. ಹ್ರಸ್ವದೀರ್ಘಗಳ ಭೇದವಿಲ್ಲ, ಲಕಾರ ಳಕಾರಗಳ ಭೇದವಿಲ್ಲ. ಕನ್ನಡದಲ್ಲಿಯೇ ಬರೆದ ಹೆಸರಾದರೂ ತೊಡಕು ತಪ್ಪಿದ್ದಲ್ಲ. ಅನುಸ್ವಾರದ ಬಿಂದುವೂ ಕನ್ನಡದ ಸೊನ್ನೆಯೂ ಕಣ್ಣಿಗೆ ಒಂದೇ ಆಗಿ ಕಂಡರೂ ಯಂತ್ರಕ್ಕೆ ಎರಡು ಬೇರೆ ಸಂಕೇತಗಳು. ಆದುದರಿಂದ ಬಿಂದುವಿನ ಬದಲು ಸೊನ್ನೆ ಒತ್ತಿ ಬರೆದ ‘ಶಂಕರ’ನು ಸರಿಯಾಗಿ ಬರೆದು ಹುಡುಕುವವನಿಗೆ ಸಿಗದೆಯೂ ಹೋಗಬಹುದು. ಇದಕ್ಕೆ ಊರ ಹೆಸರು, ತಂದೆಯ ಹೆಸರುಗಳ ಮೊದಲಕ್ಷರಗಳು ಕೆಲವೊಮ್ಮೆ ಹಿಂದೆ, ಕೆಲವೊಮ್ಮೆ ಮುಂದೆ ಬರುವ ನಮ್ಮ ಪದ್ಧತಿಯನ್ನೂ ಸೇರಿಸಿಕೊಳ್ಳಬೇಕು. ಎಷ್ಟೋ ಸಂದರ್ಭಗಳಲ್ಲಿ ಕಾಣೆಯಾದ ವ್ಯಕ್ತಿ ಹೆಸರನ್ನು ಬದಲಿಸಿಯೇ ಇರುವುದಿಲ್ಲ, ಕಾಗುಣಿತವನ್ನು ಮಾತ್ರ ಬದಲಿಸಿರುತ್ತಾನೆ. ನಾಲ್ಕು ರೀತಿಯಲ್ಲಿ ಬರೆದು ಹುಡುಕಿದ ಮೇಲೆಯೇ ನಾಮಾಂತರವನ್ನು ಶಂಕಿಸುವುದು ಯುಕ್ತ.

ಬಿಟ್ಟುಹೋದ ಹೆಸರಿಗೆ ಏನಾಗುತ್ತದೆ ಎಂಬುದನ್ನು ವಿಶೇಷವಾಗಿ ದಾನಿಗಳು ತಿಳಿದಿರಬೇಕು. ಇನ್‌ಸ್ಟಾಗ್ರಾಂನಲ್ಲಿ ಹೆಸರು ಬದಲಿಸಿದವರಿಗೆ ಹಳೆಯ ಹೆಸರಿಗೆ ಮರಳಲು ಸಾಮಾನ್ಯವಾಗಿ ೧೪ ದಿನಗಳ ಅವಕಾಶವಿರುತ್ತದೆ. ಆಮೇಲೆ ಆ ಹೆಸರನ್ನು ಬೇರೆ ಯಾರಾದರೂ ತಮ್ಮದಾಗಿಸಿಕೊಳ್ಳಬಹುದು. ಪಾಳುಬಿದ್ದ ಮನೆಯ ಬಾಗಿಲಿಗೆ ಹಳೆಯ ಯಜಮಾನರ ಹೆಸರಿನ ಹಲಗೆ ಹಾಗೆಯೇ ಇರುವಾಗ ಒಳಗೆ ಬೇರೊಬ್ಬರು ಬಿಡಾರ ಹೂಡಿದಂತಾಗುತ್ತದೆ ಇದು. ದೂರವಾಣಿಯ ಸಂಖ್ಯೆಗಳ ಗತಿಯೂ ಇದೇ. ನಿಲ್ಲಿಸಿದ ಮೊಬೈಲ್ ಸಂಖ್ಯೆಯನ್ನು ಕನಿಷ್ಠ ೯೦ ದಿನಗಳು ಕಳೆಯುವವರೆಗೆ ಬೇರೆಯವರಿಗೆ ಕೊಡುವುದಿಲ್ಲವೆಂದು ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ತಿಳಿಸಿತು. ಅಂದರೆ ಆ ಅವಧಿ ಕಳೆದ ಮೇಲೆ ಕೊಡಬಹುದೆಂದೇ ಅರ್ಥ. ಆದುದರಿಂದ ಹತ್ತು ವರ್ಷಗಳ ಹಿಂದಿನ ಸಂಖ್ಯೆಗೆ ‘ಗುರುಗಳೇ, ಕ್ಷೇಮವೇ?’ ಎಂದು ಬರೆದಾಗ ಉತ್ತರ ಬಂದಿತೆಂಬ ಮಾತ್ರದಿಂದ ಉತ್ತರಿಸಿದವರು ಗುರುಗಳೇ ಎನ್ನಲಾಗದು. ಶಾಲೆಯ ಕಟ್ಟಡಕ್ಕೆ, ದಾಸೋಹಕ್ಕೆ, ಬಡ ವಿದ್ಯಾರ್ಥಿಯ ಶುಶ್ರೂಷೆಗೆ ಎಂದು ಹೇಳಿ, ಗೌರವಾನ್ವಿತರ ಹೆಸರು ಮತ್ತು ಭಾವಚಿತ್ರಗಳನ್ನು ಮುಂದಿಟ್ಟುಕೊಂಡು ಹಣ ಕೇಳುವ ವಂಚಕರು ಹೆಚ್ಚುತ್ತಿರುವ ಕಾಲವಿದು. ಸೊನ್ನೆಯ ಜಾಗದಲ್ಲಿ ‘ಓ’ ಅಕ್ಷರವನ್ನೋ, ಸಣ್ಣ ‘ಎಲ್’ ಜಾಗದಲ್ಲಿ ದೊಡ್ಡ ‘ಐ’ ಅಕ್ಷರವನ್ನೋ ಇಟ್ಟು ಕಣ್ಣು ತಪ್ಪಿಸುವುದು ಅವರಿಗೆ ಸುಲಭ. ಹೆಸರನ್ನು ನೋಡಿ ಹಣ ಕೊಡಬಾರದು. ಧ್ವನಿಯನ್ನು ಕೇಳಿ, ಶಾಲೆಯ ಕಚೇರಿಯಲ್ಲಿ ವಿಚಾರಿಸಿ, ರಸೀದಿ ಪಡೆದು ಕೊಡಬೇಕು. ಮೋಸ ಹೋದವರು ತಡಮಾಡದೆ ೧೯೩೦ ಎಂಬ ಸಹಾಯವಾಣಿಗೆ ತಿಳಿಸಬೇಕು.

ಇಂತಹ ಗೊಂದಲಕ್ಕೆ ನಮ್ಮ ಗ್ರಂಥಾಲಯಗಳು ಬಹಳ ಹಿಂದೆಯೇ ಒಂದು ಪರಿಹಾರವನ್ನು ಕಂಡುಕೊಂಡಿದ್ದುವು. ಕನ್ನಡದ ಲೇಖಕರು ಹೆಸರು ಬದಲಿಸುವುದರಲ್ಲಿ ಯಾರಿಗೂ ಹಿಂದೆ ಬಿದ್ದವರಲ್ಲ. ದ. ರಾ. ಬೇಂದ್ರೆಯವರು ‘ಅಂಬಿಕಾತನಯದತ್ತ’ರಾದರು, ಮಾಸ್ತಿಯವರು ‘ಶ್ರೀನಿವಾಸ’ರಾದರು, ಕುವೆಂಪು ಅವರು ಮೊದಮೊದಲು ‘ಕಿಶೋರಚಂದ್ರವಾಣಿ’ ಎಂಬ ಹೆಸರಿನಲ್ಲಿ ಬರೆದರು. ನಂದಳಿಕೆಯ ಲಕ್ಷ್ಮೀನಾರಣಪ್ಪನವರಂತೂ ‘ಮುದ್ದಣ’ ಎಂಬ ಹೆಸರಿನ ಮರೆಯಲ್ಲಿ ನಿಂತು, ತಮ್ಮ ಕೃತಿಯನ್ನು ಪ್ರಾಚೀನ ಗ್ರಂಥವೆಂಬಂತೆ ಪ್ರಕಟಣೆಗೆ ಕಳುಹಿಸಿ, ಉಡುಪಿಯ ಶಾಲೆಯೊಂದರಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿಯೇ ಉಳಿದು ೧೯೦೧ರಲ್ಲಿ ತೀರಿಕೊಂಡರು. ಇಂತಹವರ ಗ್ರಂಥಗಳನ್ನು ಹುಡುಕುವವರಿಗಾಗಿ ಗ್ರಂಥಪಾಲಕರು ಸೂಚಿಯಲ್ಲಿ ‘ಅಂಬಿಕಾತನಯದತ್ತ: ಬೇಂದ್ರೆ ನೋಡಿ’ ಎಂಬ ಒಂದು ಚೀಟಿಯನ್ನು ಸೇರಿಸುತ್ತಿದ್ದರು. ಆ ‘ನೋಡಿ’ ಎಂಬ ಎರಡಕ್ಷರ ಎಷ್ಟು ಜನರಿಗೆ ದಾರಿ ತೋರಿಸಿತೋ ಲೆಕ್ಕವಿಲ್ಲ. ದೊಡ್ಡ ಜಾಲತಾಣಗಳಲ್ಲಿ ಈ ಚೀಟಿಯ ಸೌಕರ್ಯ ಬಹಳ ಕಡಿಮೆ. ಮಾಸ್ಟೊಡಾನ್ ಎಂಬ ತಾಣದಲ್ಲಿ ಮಾತ್ರ, ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುವವರು ಹಳೆಯದರ ಮೇಲೆ ಹೊಸದರ ಗುರುತನ್ನು ಬಿಟ್ಟು, ಅನುಯಾಯಿಗಳನ್ನೂ ಜೊತೆಗೆ ಕರೆದೊಯ್ಯಬಹುದು. ಈ ಚೀಟಿಯನ್ನು ಬರೆಯುವವರು ಯಾರು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಹೋಗುವವರೇ ತಮ್ಮ ಇಚ್ಛೆಯಿಂದ ಅದನ್ನು ಬರೆಯುತ್ತಾರೆ. ಹಿಂದೆ ಉಳಿದವರು ಬರೆಯುವುದಲ್ಲ.

ಇಲ್ಲಿಂದ ನಾನು ಮುಖ್ಯವೆಂದು ಎಣಿಸಿರುವ ಮಾತಿಗೆ ಬರುತ್ತೇನೆ. ಹೆಸರು ಬದಲಿಸಿಕೊಂಡವರ ಅನ್ವೇಷಣೆಯ ಎರಡು ಮಹಾಕಥೆಗಳು ನಮ್ಮ ಭಾರತದಲ್ಲಿವೆ. ವಿರಾಟಪರ್ವದಲ್ಲಿ ಪಾಂಡವರು ಹೆಸರನ್ನೂ ವೇಷವನ್ನೂ ಬದಲಿಸಿಕೊಂಡು ಮತ್ಸ್ಯನಗರದಲ್ಲಿ ಒಂದು ವರ್ಷ ಅಡಗಿದರು. ಧರ್ಮರಾಜ ಕಂಕನಾದ, ಭೀಮ ವಲಲನಾದ, ಅರ್ಜುನ ಬೃಹನ್ನಳೆಯಾದ, ದ್ರೌಪದಿ ಸೈರಂಧ್ರಿಯಾದಳು. ಕೌರವನು ಅವರನ್ನು ಹುಡುಕಲು ನಾಡುನಾಡಿಗೆ ಚಾರರನ್ನಟ್ಟಿದ. ಹೆಸರಿನಿಂದ ಸಿಗದವರನ್ನು ಲಕ್ಷಣದಿಂದ ಹಿಡಿಯಲು ಸಭೆಯಲ್ಲಿ ತರ್ಕ ನಡೆಯಿತು. ಧರ್ಮರಾಜನಿರುವ ನಾಡು ಹೇಗಿರುತ್ತದೆ, ಕೀಚಕನಂತಹ ಬಲಶಾಲಿಯನ್ನು ಯಾರು ಕೊಲ್ಲಬಲ್ಲರು ಎಂದು ಲೆಕ್ಕ ಹಾಕಿದರು. ಇಂದು ಒಬ್ಬರ ಬರವಣಿಗೆಯ ಧಾಟಿಯನ್ನೂ, ಸ್ನೇಹಿತರ ಬಳಗವನ್ನೂ, ಭಾವಚಿತ್ರದ ಹಿನ್ನೆಲೆಯನ್ನೂ ನೋಡಿ ಹೊಸ ಖಾತೆಯನ್ನು ಪತ್ತೆಹಚ್ಚುವ ಜಾಣ್ಮೆಗೂ ಇದಕ್ಕೂ ವ್ಯತ್ಯಾಸವಿಲ್ಲ.

ವನಪರ್ವದಲ್ಲಿ ಬರುವ ನಳೋಪಾಖ್ಯಾನ ಎರಡನೆಯದು. ನಮ್ಮ ಕನಕದಾಸರು ಅದನ್ನು ‘ನಳಚರಿತ್ರೆ’ಯಾಗಿ ಕನ್ನಡಕ್ಕೆ ಕೊಟ್ಟರು. ರಾಜ್ಯವನ್ನು ಕಳೆದುಕೊಂಡು ರೂಪಗೆಟ್ಟ ನಳನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನಲ್ಲಿ ಸೇವೆಗಿದ್ದಾನೆ. ದಮಯಂತಿ ಅವನನ್ನು ಹುಡುಕಿಸಬೇಕು. ಅವಳು ಬ್ರಾಹ್ಮಣರ ಕೈಯಲ್ಲಿ ಕೊಟ್ಟು ಕಳುಹಿಸಿದ್ದು ಅವನ ಹೆಸರನ್ನಲ್ಲ, ಒಂದು ಪ್ರಶ್ನೆಯನ್ನು. ಆ ಪ್ರಶ್ನೆಯನ್ನು ಸಭೆಸಭೆಗಳಲ್ಲಿ ಸಾವಿರ ಜನ ಕೇಳಿದರು. ಅದರ ಒಳಗಿನ ನೋವು ನಳನೊಬ್ಬನಿಗೆ ಮಾತ್ರ ಅರ್ಥವಾಗುವಂಥದು. ಉತ್ತರಿಸುವುದಾಗಲಿ ಮೌನವಾಗಿರುವುದಾಗಲಿ ಅವನಿಗೆ ಬಿಟ್ಟ ವಿಷಯ. ಬಾಹುಕನು ಏಕಾಂತದಲ್ಲಿ ಉತ್ತರಿಸಿದ. ಪರ್ಣಾದನು ಆ ಉತ್ತರವನ್ನು ತಂದ. ಆಮೇಲೆಯೂ ದಮಯಂತಿ ಆತುರಪಡದೆ, ಸಖಿಯಿಂದ ಅವನ ನಡೆನುಡಿಯನ್ನು ಪರೀಕ್ಷಿಸಿ, ಅವನ ಅಡುಗೆಯ ರುಚಿಯನ್ನು ಗುರುತಿಸಿ, ಬಾಹುಕನೇ ನಳನೆಂದು ನಿಶ್ಚಯಿಸಿಕೊಂಡಳು.

ಎರಡು ಕಡೆಯಲ್ಲಿಯೂ ಹುಡುಕಿದವರ ಉಪಾಯ ಒಂದೇ ಜಾತಿಯದು. ಭೇದವಿರುವುದು ಉದ್ದೇಶದಲ್ಲಿ, ಮತ್ತು ಉದ್ದೇಶಕ್ಕಿಂತ ಮಿಗಿಲಾಗಿ ಕ್ರಮದಲ್ಲಿ. ಕೌರವನ ಹುಡುಕಾಟದಲ್ಲಿ ಅಡಗಿದವರ ಸಮ್ಮತಿಗೆ ಸ್ಥಾನವಿಲ್ಲ. ಕಂಡ ಕೂಡಲೇ ಬಯಲಿಗೆಳೆದು ಮತ್ತೆ ಹನ್ನೆರಡು ವರ್ಷ ಕಾಡಿಗಟ್ಟುವುದೇ ಗುರಿ. ದಮಯಂತಿಯ ಹುಡುಕಾಟದಲ್ಲಿ ಅಡಗಿದವನ ಮಾನಕ್ಕೆ ಚ್ಯುತಿಯಿಲ್ಲ. ಅವನು ಸುಮ್ಮನಿದ್ದಿದ್ದರೆ ಅಯೋಧ್ಯೆಯಲ್ಲಿ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಜಾಲತಾಣದಲ್ಲಿ ಯಾರನ್ನೇ ಹುಡುಕುವ ಮೊದಲು, ನಮ್ಮದು ಯಾರ ಹುಡುಕಾಟ ಎಂಬ ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳಬೇಕು.

ಶಾಲೆಯ ಉದ್ದೇಶ ಪವಿತ್ರವಾದುದು, ಹಳೆಯ ವಿದ್ಯಾರ್ಥಿಗಳನ್ನು ಒಂದುಗೂಡಿಸುವುದರಲ್ಲಿ ದೋಷವೇನು ಎಂದು ಕೆಲವರು ಆಕ್ಷೇಪಿಸಬಹುದು. ಉದ್ದೇಶದಲ್ಲಿ ದೋಷವಿಲ್ಲ. ಆದರೆ ಜನರು ಹೆಸರನ್ನೇಕೆ ಬದಲಿಸುತ್ತಾರೆಂಬುದನ್ನು ಸ್ವಲ್ಪ ಯೋಚಿಸಬೇಕು. ಬಹುಮಂದಿ ವಿನೋದಕ್ಕಾಗಿ, ಉದ್ಯೋಗಕ್ಕಾಗಿ, ಮದುವೆಯ ಕಾರಣದಿಂದ ಬದಲಿಸುತ್ತಾರೆ. ಅವರನ್ನು ಕಂಡುಹಿಡಿದರೆ ಅವರಿಗೂ ಸಂತೋಷವೇ. ಕೆಲವರ ವಿಷಯ ಹಾಗಲ್ಲ. ಕುಡುಕನ ಹೊಡೆತವನ್ನು ತಾಳಲಾರದೆ ಮನೆ ಬಿಟ್ಟು ದೂರದ ಊರಿನಲ್ಲಿ ಹೊಲಿಗೆ ಮಾಡಿ ಮಕ್ಕಳನ್ನು ಸಾಕುತ್ತಿರುವ ಹೆಣ್ಣುಮಗಳಿರಬಹುದು. ಅಪರಿಚಿತರ ಕೀಳು ಸಂದೇಶಗಳಿಂದ ಬೇಸತ್ತು ಹೆಸರು ಬಿಟ್ಟ ತರುಣಿಯಿರಬಹುದು. ಬಾಲ್ಯದಲ್ಲಿ ಗಂಡೆಂದು ಬರೆಸಿದ್ದ ಹೆಸರನ್ನು ತ್ಯಜಿಸಿ ಹೆಣ್ಣಾಗಿ ಬಾಳುತ್ತಿರುವವರಿರಬಹುದು. ವ್ಯಾಪಾರದಲ್ಲಿ ಸೋತು ಮುಖ ತೋರಿಸಲು ನಾಚುತ್ತಿರುವವನಿರಬಹುದು. ‘ನಮ್ಮ ತರಗತಿಯ ಆಕೆ ಈಗ ಈ ಹೆಸರಿನಲ್ಲಿದ್ದಾಳೆ, ಎಲ್ಲರೂ ಶುಭಾಶಯ ಕಳುಹಿಸಿ’ ಎಂದು ಇನ್ನೂರು ಜನರಿರುವ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಸಂಭ್ರಮದಿಂದ ಬರೆದ ಒಂದು ಸಾಲು, ಆ ಇನ್ನೂರರಲ್ಲಿ ಒಬ್ಬನ ಮೂಲಕ, ಯಾರಿಗೆ ತಿಳಿಯಬಾರದೋ ಅವನಿಗೇ ತಿಳಿಯಬಹುದು. ನಮ್ಮ ಪ್ರೀತಿಯೇ ಅಲ್ಲಿ ಚಾರನ ಕೆಲಸ ಮಾಡಿದಂತಾಗುತ್ತದೆ.

ಹಾಗಾದರೆ ಎಲ್ಲರೂ ನಿಜನಾಮದಲ್ಲಿಯೇ ಇರಬೇಕೆಂದು ನಿಯಮ ಮಾಡಿದರೆ ಈ ತೊಂದರೆಯೇ ಇರದು ಎನ್ನುವವರೂ ಉಂಟು. ಫೇಸ್‌ಬುಕ್ ಅಂತಹ ನಿಯಮವನ್ನು ಕಟ್ಟುನಿಟ್ಟಾಗಿ ನಡೆಸಹೋಗಿ ೨೦೧೪ರಲ್ಲಿ ಅಮೆರಿಕದ ಕಲಾವಿದರೇ ಮೊದಲಾದ ಹಲವರ ಖಾತೆಗಳನ್ನು ತಡೆಯಿತು. ಅವರು ಬದುಕಿನಲ್ಲಿ ಬಳಸುತ್ತಿದ್ದ ಹೆಸರು ಸರ್ಕಾರಿ ಕಾಗದದಲ್ಲಿರಲಿಲ್ಲವೆಂಬುದೇ ಅವರ ಅಪರಾಧ. ಅದೇ ವರ್ಷದ ಅಕ್ಟೋಬರಿನಲ್ಲಿ ಸಂಸ್ಥೆ ಕ್ಷಮೆ ಕೇಳಬೇಕಾಯಿತು. ಮುದ್ದಣನನ್ನೂ ಅಂಬಿಕಾತನಯದತ್ತರನ್ನೂ ಎದೆಯಲ್ಲಿಟ್ಟುಕೊಂಡ ನಾಡಿನವರು ಬೇರೆ ಹೆಸರೆಲ್ಲ ವಂಚನೆಯೆಂದು ಹೇಳುವುದು ಶೋಭಿಸದು. ಹೆಸರು ಬದಲಿಸುವುದು ಒಂದು, ಇನ್ನೊಬ್ಬರ ಹೆಸರನ್ನು ಧರಿಸಿ ಮೋಸ ಮಾಡುವುದು ಮತ್ತೊಂದು. ಎರಡನೆಯದು ಮಾಹಿತಿ ತಂತ್ರಜ್ಞಾನ ಅಧಿನಿಯಮದಂತೆ ಮೂರು ವರ್ಷಗಳವರೆಗಿನ ಶಿಕ್ಷೆಗೆ ಅರ್ಹವಾದ ಅಪರಾಧ. ಮೊದಲನೆಯದು ಮನುಷ್ಯನ ಸ್ವಾತಂತ್ರ್ಯ.

ಈ ಸ್ವಾತಂತ್ರ್ಯಕ್ಕೆ ಕಾನೂನಿನ ಬೆಂಬಲವೂ ಇದೆ. ೨೦೧೭ರ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಹೆಮ್ಮೆಯ ಸಂಗತಿ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೭೮ನೆಯ ಪ್ರಕರಣದಂತೆ, ಸ್ತ್ರೀಯು ಸ್ಪಷ್ಟವಾಗಿ ಅನಾಸಕ್ತಿ ತೋರಿದ ಮೇಲೆಯೂ ಪುರುಷನು ಮತ್ತೆ ಮತ್ತೆ ಸಂಪರ್ಕಕ್ಕೆ ಯತ್ನಿಸುವುದೂ, ಆಕೆಯ ಅಂತರ್ಜಾಲ ಬಳಕೆಯ ಮೇಲೆ ಕಣ್ಣಿಡುವುದೂ ಅಪರಾಧವೇ. ತಡೆದವರ ಬಾಗಿಲನ್ನು ಬೇರೆ ಖಾತೆಯಿಂದ ತಟ್ಟುವುದು ಸ್ನೇಹವಲ್ಲ. ‘ಬ್ಲಾಕ್’ ಎಂಬುದೂ ಒಂದು ಉತ್ತರವೇ; ಅದನ್ನು ಗೌರವಿಸಲು ಕಲಿಯಬೇಕು.

ಈ ವಿಚಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಶಾಲೆಯ ಶಿಕ್ಷಕರಿಗೂ ಹಳೆಯ ವಿದ್ಯಾರ್ಥಿಗಳ ಸಂಘಕ್ಕೂ ಕೆಲವು ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಹಳೆಯ 

ವಿದ್ಯಾರ್ಥಿಗಳ ಪಟ್ಟಿಯನ್ನು ಜಾಲತಾಣದ ಹೆಸರುಗಳಿಂದ ಕಟ್ಟದೆ ದಾಖಲಾತಿ ಸಂಖ್ಯೆ ಮತ್ತು ಉತ್ತೀರ್ಣರಾದ ವರ್ಷದಿಂದ ಕಟ್ಟಬೇಕು. ಬದಲಾಗುವ ಹೆಸರು, ದೂರವಾಣಿ, ಖಾತೆಗಳನ್ನು ಅದರ ಮುಂದೆ ದಿನಾಂಕದೊಡನೆ ಬರೆಯುತ್ತ ಹೋಗಬೇಕು. ಹಳೆಯದನ್ನು ಒರೆಸಬಾರದು, ಎಲ್ಲರ ಕೈಗೂ ಕೊಡಬಾರದು. ಆ ಪುಸ್ತಕ ಕಚೇರಿಯ ಬೀರುವಿನಲ್ಲಿರಲಿ. ಹೆಸರು ಬದಲಿಸುವ ವಿದ್ಯಾರ್ಥಿಗಳು ತಮಗೆ ನಂಬಿಕೆಯಿರುವ ಒಬ್ಬ ಗುರುಗಳಿಗಾದರೂ ಒಂದು ಮಾತು ತಿಳಿಸುವ ಪದ್ಧತಿಯನ್ನು ಬೆಳೆಸಿಕೊಳ್ಳಲಿ. ಅದು ಅವರೇ ಬರೆದುಕೊಟ್ಟ ‘ನೋಡಿ’ ಚೀಟಿಯಾಗುತ್ತದೆ. ಕಾಣೆಯಾದವರನ್ನು ಹುಡುಕಬೇಕಾದಾಗ ಗುಂಪಿನಲ್ಲಿ ಕೂಗದೆ, ಅವರ ಸಹಪಾಠಿಯೊಬ್ಬರ ಮೂಲಕ ‘ಶಾಲೆ ನಿಮ್ಮನ್ನು ನೆನೆಯುತ್ತಿದೆ, ಇಷ್ಟವಿದ್ದರೆ ಈ ವಿಳಾಸಕ್ಕೆ ಬರೆಯಿರಿ’ ಎಂದು ಹೇಳಿಕಳುಹಿಸಬೇಕು. ಎರಡು ಸಲ ಹೇಳಿಕಳುಹಿಸಿಯೂ ಉತ್ತರ ಬಾರದಿದ್ದರೆ ಅಲ್ಲಿಗೆ ನಿಲ್ಲಿಸಬೇಕು. ಯಾರ ಹೊಸ ಹೆಸರನ್ನಾಗಲಿ ಭಾವಚಿತ್ರವನ್ನಾಗಲಿ ಅವರನ್ನು ಕೇಳದೆ ಗುಂಪಿಗೆ ಹಾಕಬಾರದು, ಸಂಚಿಕೆಯಲ್ಲಿ ಅಚ್ಚು ಮಾಡಬಾರದು. ಶಾಲೆಯ ಪುಟದ ಹೆಸರನ್ನೇ ಬದಲಿಸುವ ಪ್ರಸಂಗ ಬಂದರೆ ಮುಂಚಿತವಾಗಿ ದಾನಿಗಳಿಗೆ ತಿಳಿಸಿ, ಹಳೆಯ ಹೆಸರು ಪರರ ಪಾಲಾಗದಂತೆ ಎಚ್ಚರ ವಹಿಸಬೇಕು.

ಹೆಸರುಗಳ ಮೋಹವನ್ನು ಬಿಟ್ಟು ನೋಡಿದರೆ ಗುರುಶಿಷ್ಯರ ನಂಟು ಯಾವ ತಾಣದ ಅಂಕಿತಕ್ಕೂ ಒಳಪಟ್ಟುದಲ್ಲ. ತರಗತಿಯಲ್ಲಿ ಹಾಜರಿ ಕರೆಯುವಾಗ ಹೆಸರು ಕೂಗಿದರೆ ಉತ್ತರ ಕೊಡುವುದು ಮಗುವಿನ ಕರ್ತವ್ಯವಾಗಿತ್ತು. ಶಾಲೆ ಬಿಟ್ಟು ಲೋಕಕ್ಕೆ ಹೋದವರ ಹಾಜರಿ ಕರೆಯುವ ಅಧಿಕಾರ ಯಾವ ಗುರುವಿಗೂ ಇಲ್ಲ. ಬಾಗಿಲು ತೆರೆದಿಡಬಹುದು, ದೀಪ ಹಚ್ಚಿಡಬಹುದು, ದಾಖಲಾತಿ ಪುಸ್ತಕದ ಆ ಸಾಲನ್ನು ಅಳಿಸದೆ ಕಾಪಾಡಬಹುದು. ಬರುವವರು ಯಾವ ಹೆಸರಿನಿಂದ ಬಂದರೂ ಅವರನ್ನು ಆ ಹೆಸರಿನಿಂದಲೇ ಕರೆದು ಒಳಗೆ ಕುಳ್ಳಿರಿಸುವುದು ವಿದ್ಯಾಸಂಸ್ಥೆಗೆ ಭೂಷಣವೆಂದು ನನ್ನ ನಂಬಿಕೆ.